ಭಾನುವಾರ ಗಾಳದ ರಾಡ್ ಮತ್ತು ರೀಲ್ ದುರಸ್ತಿ

ಎಲ್ಲ ಸದಸ್ಯರಿಗೂ ನಮಸ್ಕಾರ.

ಮಳೆಗಾಲ ಮುಗಿದು ಮಲ್ಪೆಯ ದಡದಲ್ಲಿ ಮತ್ತೆ ಗಾಳ ಹಾಕುವ ಮುನ್ನ, ಬರುವ ಭಾನುವಾರ ಬೆಳಿಗ್ಗೆ 9 ಗಂಟೆಗೆ ಎಂದಿನ ಜಾಗದಲ್ಲಿ ದುರಸ್ತಿಗಾಗಿ ಸೇರಲಿದ್ದೇವೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಸ್ಪಿನ್ನಿಂಗ್ ರೀಲ್‌ಗಳನ್ನು ದಯವಿಟ್ಟು ತಪ್ಪದೆ ತನ್ನಿ.

ತರುವ ಮೊದಲು ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಡಬೇಕೆಂದು ಹೊಂದಿಸುವ ಭಾಗ) ಬಿಗಿಮಾಡಿ, ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಉಪ್ಪು ಬೇರಿಂಗ್‌ವರೆಗೂ ಇಳಿಯುತ್ತದೆ. ಒಣಗಿದ ಮೇಲೆ ಡ್ರ್ಯಾಗನ್ನು ಸಡಿಲಿಸಿಡಿ. ಗೇರಿಗೆ ಗ್ರೀಸ್ ಹಾಗೂ ಲೈನ್ (ಗಾಳದ ದಾರ) ಹಾಯುವ ರೋಲರಿಗೆ ತೆಳು ಎಣ್ಣೆಯನ್ನು ಅಲ್ಲಿಯೇ ಹಾಕೋಣ (ತೆಂಗಿನೆಣ್ಣೆ ಖಂಡಿತ ಬೇಡ). ರಾಡಿನ ಗೈಡ್ ಉಂಗುರಗಳೊಳಗೆ ಹತ್ತಿಯನ್ನು ಆಡಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿರುವ ಸಾಧ್ಯತೆಯಿದ್ದು, ಅದು ಲೈನನ್ನು ಸವೆಸುವುದರಿಂದ ಬದಲಿಸುವುದೇ ಲೇಸು.

ಬಿಡಿಭಾಗ ತರಿಸಬೇಕಾಗಿರುವುದರಿಂದ, ನಿಮ್ಮ ರೀಲಿನ ಮಾದರಿಯನ್ನು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.