ಗಟಾರ ನೀರಿನ ಪರೀಕ್ಷೆ ಬಗ್ಗೆ
ಶರಣು ಎಲ್ಲರಿಗೂ. ಗಟಾರದ ನೀರು ನೋಡಿ ಊರಿನ ಡ್ರಗ್ಸ್ ಬಳಕೆ ಹೇಗೆ ಗೊತ್ತಾಗುತ್ತದೆ ಅಂತ ನಿನ್ನೆ ಅಕ್ಕ ಒಬ್ಬರು ಕೇಳಿದ್ದರು. ಸೇವಿಸಿದ್ದು ಮೈಯೊಳಗೆ ಬದಲಾಗಿ ಮೂತ್ರದಲ್ಲಿ ಹೊರಬರುತ್ತದೆ. ಕೊಕೇನ್ ಆದರೆ ಬೆಂಝಾಯ್ಲ್‌ಎಕ್‌ಗೊನೀನ್ ಅನ್ನೋ ಅಂಶ. ಶುದ್ಧೀಕರಣ ಘಟಕಕ್ಕೆ ಬರುವ ನೀರನ್ನು 24 ಗಂಟೆ ಸ್ವಲ್ಪ ಸ್ವಲ್ಪವೇ ಹಿಡಿದು ಇದನ್ನು ಅಳೆಯುತ್ತಾರೆ. ಎಷ್ಟು ನೀರು ಹರಿಯಿತು, ಎಷ್ಟು ಜನರದ್ದು ಅಂತ ನೋಡಿ ಲೆಕ್ಕ ಹಾಕುತ್ತಾರೆ. ಇಟಲಿಯ ಪೋ ನದಿಯ ನೀರಿನಲ್ಲಿ ಹೀಗೆ ಕೊಕೇನ್ ಬಳಕೆ ಲೆಕ್ಕ ಹಾಕಿದ ಅಧ್ಯಯನ 2005ರಲ್ಲೇ ಬಂತು. ಯುರೋಪಿನ ನಗರಗಳಲ್ಲಿ 2011ರಿಂದ ಪ್ರತಿ ವರ್ಷ ಅಳೆಯುತ್ತಿದ್ದಾರೆ.

ಯಾರ ಮನೆಯದು ಅಂತ ಗೊತ್ತಾಗಲ್ಲ, ಎಲ್ಲರ ನೀರೂ ಕೂಡಿರುತ್ತದೆ ಅಲ್ವಾ? ಸೆಪ್ಟಿಕ್ ಟ್ಯಾಂಕ್ ಮನೆಗಳು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ.

ಬೆಳಗಾವಿಯಲ್ಲಿ ಓದುವ ಮಕ್ಕಳು ಜಾಸ್ತಿ. ಇಲ್ಲೂ ಇದು ಆಗಬೇಕು ಅಂತ ನನ್ನ ಆಸೆ. ಪಾಲಿಕೆಗೆ ಅರ್ಜಿ ಬರೆಯಲು ಬರುವವರು ಇಲ್ಲೇ ತಿಳಿಸಿ.