ಮೊದಲನೇ ಸಾಲು ಬಿಟ್ಟು ವೆಬ್ ಪೇಜ್ ಮಾಡಬ್ಯಾಡ್ರಿ

ಸಂಪಾದಕರಿಗೆ ಶರಣು ಶರಣಾರ್ಥಿ,

ನಾ ವಿಜಯಪುರದಾಗ ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ನಡಸ್ತೀನಿ, ಜೊತಿಗೆ ಊರಿನ ಅಂಗಡಿಯವ್ರಿಗೆ, ವ್ಯಾಪಾರಸ್ಥರಿಗೆ ವೆಬ್ ಪೇಜ್ ಮಾಡಿ ಕೊಡ್ತೀನಿ. ನಿಮ್ಮ ಪೇಪರ್ ಕಾಲೇಜಿನ ಮಾಸ್ತರಗೋಳು, ಹುಡುಗ್ರು, ನನ್ನಂಗ ಇದ ಕೆಲಸ ಮಾಡೋರು ಎಲ್ಲಾರೂ ಓದ್ತಾರ, ಅದಕ್ಕ ಇಲ್ಲಿ ಬರಿಯಾಕತ್ತೀನಿ. ವಿಷಯ ಬರೇ ಒಂದ ಸಾಲಿಂದು, ವೆಬ್ ಪೇಜಿನ ಫೈಲಿನ್ಯಾಗ ಎಲ್ಲಾಕ್ಕಿಂತ ಮ್ಯಾಲ ಬರಿಯೋ ಡಾಕ್‌ಟೈಪ್ ಅನ್ನೋ ಸಾಲು, ಆದ್ರ ಆ ಸಾಲು ಬಿಟ್ಟಿದ್ದಕ್ಕ ನಾ ಎರಡು ದಿನ ತಲಿ ಕೆಡಿಸ್ಕೊಂಡೀನಿ.

ಒಣದ್ರಾಕ್ಷಿ ವ್ಯಾಪಾರಸ್ಥರೊಬ್ಬರಿಗೆ ದಿನಾ ರೇಟ್ ಹಾಕೋ ಪೇಜ್ ಮಾಡಿ ಕೊಟ್ಟಿದ್ದೆ. ನೋಡೋರೆಲ್ಲ ರೈತರು, ಭಾಳ ಮಂದಿ ವಯಸ್ಸಾದವರು, ಅದಕ್ಕ ಬಾಡಿ ಟ್ಯಾಗಿಗೆ (ಪೇಜಿನ್ಯಾಗ ಕಾಣೋ ಬರಹ ಎಲ್ಲಾ ಇದರೊಳಗ ಬರ್ತೈತಿ) ಅಕ್ಷರ 22 ಪಿಕ್ಸೆಲ್ ಇಟ್ಟು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರ್ದಂತ ಲೈನ್ ಹೈಟ್, ಅಂದ್ರ ಸಾಲಿನ ಎತ್ತರ, ಸೈತ ಜಾಸ್ತಿ ಕೊಟ್ಟಿದ್ದೆ. ಓಪನ್ ಮಾಡಿದ್ರ ಮ್ಯಾಲಿನ ಬರಹ ದೊಡ್ಡದು, ರೇಟಿನ ಟೇಬಲ್ ಮಾತ್ರ ಸಣ್ಣದು, ಒಂದ ಖಾನ್ಯಾಗ ಎರಡು ಸಾಲು ಬಂದ್ರ ಮ್ಯಾಲಿನ ಒತ್ತು ಕೆಳಗಿನ ಗುಣಸಿಗೆ ಅಂಟ್ಕೊಂಡಂಗ. ತಿಕೋಟಾ ಕಡೆಯ ಕಾಕಾ ಒಬ್ಬರು ಮೊಬೈಲ್ ನನ್ನ ಮುಂದ ಹಿಡದು, "ತಮ್ಮಾ, ಅಂಗಡಿ ಹೆಸರು ಚಂದ ಕಾಣ್ತೈತಿ, ರೇಟ್ ಮಾತ್ರ ಇರವಿ ಹರದಂಗ ಕಾಣ್ತಾವಲ್ಲೋ" ಅಂದ್ರು. ಅವರಿಗೆ ಬೇಕಾಗಿದ್ದ ಆ ರೇಟು ನೋಡ್ರಿ.

ಸಿಎಸ್‌ಎಸ್, ಅಂದ್ರ ಪೇಜ್ ಹೆಂಗ ಕಾಣಬೇಕು ಅಂತ ಹೇಳೋ ಕೋಡ್, ಎಲ್ಲಾ ತಿದ್ದಿದೆ, ಫಾಂಟ್ ಬದಲಿ ಮಾಡಿದೆ, ಆಗಲಿಲ್ಲ. ಕಡೀಕ ಫೈಲ್ ಮ್ಯಾಲಿಂದ ಓದಿದ್ರ ಅದು ಸೀದಾ ಎಚ್‌ಟಿಎಂಎಲ್ (ವೆಬ್ ಪೇಜ್ ಬರಿಯೋ ಭಾಷೆ) ಟ್ಯಾಗಿಂದ ಶುರು ಆಗಿತ್ತು, ಡಾಕ್‌ಟೈಪ್ ಇರಲೇ ಇಲ್ಲ. ಯಾವುದೋ ಹಳೇ ಫೈಲ್ ಕಾಪಿ ಹೊಡದಿದ್ದೆ, ತಪ್ಪು ನಂದ.

ಡಾಕ್‌ಟೈಪ್ ಇಲ್ಲಂದ್ರ ಬ್ರೌಸರ್ ಇದು ಹಳೇ ಕಾಲದ ಪೇಜ್ ಅಂತ ತಿಳ್ಕೊಂಡು ಕ್ವಿರ್ಕ್ಸ್ ಮೋಡಿಗೆ, ಅಂದ್ರ ಹಳೇ ರೀತಿ ತೋರಸೋದಕ್ಕ, ಹೋಗ್ತೈತಿ. 90ರ ದಶಕದಾಗ ನೆಟ್‌ಸ್ಕೇಪ್ ಒಂದು ರೀತಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದು ರೀತಿ ಪೇಜ್ ತೋರಸ್ತಿದ್ದವು, 1996ರಾಗ ಸಿಎಸ್‌ಎಸ್ ನಿಯಮ ಬಂತು, ಆದ್ರ ನಿಯಮದಂಗ ನಡದ್ರ ಅಲ್ಲಿತನಕ ಮಾಡಿಟ್ಟ ಪೇಜ್ ಎಲ್ಲಾ ಕೆಡ್ತಾವ, ಅದಕ್ಕ 2000ದಾಗ ಮ್ಯಾಕಿನ ಎಕ್ಸ್‌ಪ್ಲೋರರ್ 5ರಾಗ ಡಾಕ್‌ಟೈಪ್ ನೋಡಿ ಹಳೇ ರೀತಿಯೋ ಹೊಸಾ ರೀತಿಯೋ ಅಂತ ಠರಾಯಿಸೋದು ಶುರು ಮಾಡಿದ್ರು, ಉಳದ ಬ್ರೌಸರಗೋಳೂ ಅದನ್ನ ಹಿಡದವು, ಇವತ್ತಿಗೂ ಹಂಗ ನಡದೈತಿ. ಹಳೇ ರೀತಿಯೊಳಗ ಟೇಬಲ್ ಬಾಡಿಯ ಅಕ್ಷರದ ಸೈಜೂ ತಗೊಳ್ಳಂಗಿಲ್ಲ, ಲೈನ್ ಹೈಟೂ ತಗೊಳ್ಳಂಗಿಲ್ಲ, ತನ್ನ ಡೀಫಾಲ್ಟಿಗೆ ಹೋಗಿಬಿಡ್ತೈತಿ. ಇಂಗ್ಲಿಷಿಗೆ ಲೈನ್ ಹೈಟ್ ಸ್ವಲ್ಪ ಕಮ್ಮಿ ಆದ್ರ ನಡೀತೈತಿ, ಅದರಾಗ ಒತ್ತಕ್ಷರ ಇಲ್ಲ. ನಮಗ ನಡ್ಯಂಗಿಲ್ಲ.

ಡಾಕ್‌ಟೈಪ್ ಬರದ ಮ್ಯಾಲೂ ತ್ರಾಸ ಆಗಬಹುದು. ನನ್ನ ಕ್ಲಾಸಿನ ಹುಡುಗನೊಬ್ಬ ಖಾತೆ ಪುಸ್ತಕದಾಗ ಬರದಂಗ ಫೈಲಿನ ಮ್ಯಾಲಿನ ತುದಿಗೆ "ಶ್ರೀ ಸಿದ್ಧೇಶ್ವರ ಪ್ರಸನ್ನ" ಅಂತ ಬರದು ಅದರ ಕೆಳಗ ಡಾಕ್‌ಟೈಪ್ ಹಾಕಿದ್ದ. ಅವನ ಭಕ್ತಿ ದೊಡ್ಡದು, ಆದ್ರ ಡಾಕ್‌ಟೈಪ್ ಮ್ಯಾಲ ಒಂದ ಅಕ್ಷರ ಬಂದ್ರೂ ಬ್ರೌಸರ್ ಡಾಕ್‌ಟೈಪನ್ನ ಲೆಕ್ಕಕ್ಕ ಹಿಡ್ಯಂಗಿಲ್ಲ. ಆ ಸಾಲು ತಗದು ಬಾಡಿ ಒಳಗ ಇಟ್ಟಿವಿ, ಪೇಜ್ ಸರಿ ಆತು. ಸರ್ವರಿನ್ಯಾಗ ಪೇಜ್ ತಯಾರ ಮಾಡೋ ಪಿಎಚ್‌ಪಿ ಭಾಷೆಯ ವಾರ್ನಿಂಗ್ ಡಾಕ್‌ಟೈಪ್ ಮ್ಯಾಲ ಪ್ರಿಂಟ್ ಆದ್ರೂ ಇದ ಕಥಿ.

1999ರ ಎಚ್‌ಟಿಎಂಎಲ್ 4.01ರಾಗ ಸ್ಟ್ರಿಕ್ಟ್, ಟ್ರಾನ್ಸಿಷನಲ್, ಫ್ರೇಮ್‌ಸೆಟ್ ಅಂತ ಮೂರು ನಮೂನಿ ಡಾಕ್‌ಟೈಪ್ ಇದ್ದವು, ಒಂದೊಂದು ಎರಡು ಸಾಲಿನಷ್ಟು ಉದ್ದ, ಯಾರ ನೆನಪಿಡಬೇಕು. ಟ್ರಾನ್ಸಿಷನಲ್ ಸಾಲಿನ ಕೊನಿಗಿದ್ದ ವೆಬ್ ವಿಳಾಸ ಬಿಟ್ಟು ಕಾಪಿ ಮಾಡಿದ್ರ ಅದೂ ಕ್ವಿರ್ಕ್ಸ್ ಮೋಡಿಗೇ ಹೋಗ್ತೈತಿ. ಈಗ ಕೋನದ ಬ್ರಾಕೆಟ್, ಆಶ್ಚರ್ಯಸೂಚಕ ಚಿಹ್ನೆ, ಡಾಕ್‌ಟೈಪ್, ಒಂದು ಸ್ಪೇಸ್, ಎಚ್‌ಟಿಎಂಎಲ್, ಮತ್ತ ಬ್ರಾಕೆಟ್ ಮುಚ್ಚೋದು, ಸ್ಪೇಸ್ ಹಿಡದು ಬರೇ 15 ಅಕ್ಷರ. ಎಚ್‌ಟಿಎಂಎಲ್ 5 ಅಂತಿಮ ಆಗಿದ್ದ 2014ರಾಗ, ಇನ್ನೂ ಬರಿಯಾಕ ಏನು ಅಡ್ಡಿ?

ನನ್ನ ಕಡಿಗೆ ಬರೋ ಹುಡುಗ್ರ ರೆಕಾರ್ಡ್ ಬುಕ್ ನೋಡಿದ್ರ ಹೊಟ್ಟ್ಯಾಗ ಸಂಕಟ ಆಗ್ತೈತಿ, ಎಲ್ಲಾ ಪ್ರೋಗ್ರಾಮೂ ಸೀದಾ ಎಚ್‌ಟಿಎಂಎಲ್ ಟ್ಯಾಗಿಂದ ಶುರು, ಮ್ಯಾಲ ಕೆಂಪು ಪೆನ್ನಿನ ರೈಟ್ ಮಾರ್ಕ್. ಮಾಸ್ತರಗೋಳಿಗೆ ಕೈ ಮುಗದು ಕೇಳ್ತೀನಿ, ಪ್ರಾಕ್ಟಿಕಲ್‌ದಾಗ ಡಾಕ್‌ಟೈಪ್ ಇಲ್ಲದ ಪೇಜಿಗೆ ರೈಟ್ ಹಾಕಬ್ಯಾಡ್ರಿ, ಅದು ಯಾಕ ಬೇಕು ಅನ್ನೋದನ್ನ ಒಂದ ಟೇಬಲ್ ಮಾಡಿ ತೋರಸ್ರಿ, ಐದು ನಿಮಿಷದ ಕೆಲಸ. ಊರಿನ ಸಾಲಿ, ಸಂಘ, ಬ್ಯಾಂಕಿನ ಸೈಟ್ ನೋಡ್ಕೊಳ್ಳೋರು ಕ್ರೋಮ್‌ದಾಗ ಎಫ್ 12 ಒತ್ತಿ, ಕನ್ಸೋಲಿನ್ಯಾಗ (ಕಮಾಂಡ್ ಹೊಡ್ಯೋ ಜಾಗ) ಡಾಕ್ಯುಮೆಂಟ್ ಡಾಟ್ ಕಾಂಪ್ಯಾಟ್‌ಮೋಡ್ (document.compatMode) ಅಂತ ಹೊಡೀರಿ, ಬ್ಯಾಕ್‌ಕಾಂಪ್ಯಾಟ್ ಅಂತ ಬಂದ್ರ ನಿಮ್ಮ ಪೇಜೂ ಕ್ವಿರ್ಕ್ಸ್ ಮೋಡಿನ್ಯಾಗ ಐತಿ ಅಂತ ಅರ್ಥ. ಒಂದು ಮಾತು, ವರ್ಷಗಟ್ಲೆ ಹಂಗ ನಡದ ಸೈಟಿಗೆ ಈಗ ಡಾಕ್‌ಟೈಪ್ ಹಾಕಿದ್ರ ಅಳತಿ ಅಲ್ಲಲ್ಲಿ ಹೆಚ್ಚುಕಮ್ಮಿ ಆಗಬಹುದು, ಮೊದಲ ಕಾಪಿ ಇಟ್ಕೊಂಡು ತಿದ್ದ್ರಿ.

ನಿಮ್ಮ ಪೇಪರಿನ್ಯಾಗ ಹುಡುಗ್ರ ಸಲುವಾಗಿ ವಾರಕ್ಕೊಮ್ಮೆ ನಾಲ್ಕು ಸಾಲಿನ ಜಾಗ ಕೊಟ್ರ ಇಂಥಾವನ್ನ ಕನ್ನಡದಾಗ ಬರದು ಕೊಡಾಕ ನಾ ತಯಾರಿದ್ದೀನಿ, ರೊಕ್ಕ ಏನೂ ಬ್ಯಾಡ.

ಕಂಪ್ಯೂಟರ್ ಕ್ಲಾಸ್ ನಡಸಾವ, ವಿಜಯಪುರ