ಗುಂಡಿಗೆ ಕಾಲು ಬಂದಿತ್ತಾ?

ಪ್ರೀತಿಯ ಮಗೂ,

ಅಮೆರಿಕದ ಡೆಟ್ರಾಯಿಟ್ ನಗರದ ಗಲಭೆಯ ಬಗ್ಗೆ ನೀನು ಬರೆದ ಕಾದಂಬರಿಯ ಕಟ್ಟು ಹೋದ ಮಂಗಳವಾರ ಬಂತು. ಕೆಳಗಿನ ಮನೆಯ ಹುಡುಗ ಮಹಡಿಗೆ ಹೊತ್ತು ತಂದುಕೊಟ್ಟ. 340 ಪುಟ. ಭೂತಗನ್ನಡಿ ಹಿಡಿದು ಐದು ರಾತ್ರಿ ಓದಿದೆ. ನಿನ್ನನ್ನು 'ನೀವು' ಅನ್ನಲು ನನ್ನಿಂದ ಆಗುವುದಿಲ್ಲ. ನಿನ್ನ ಅಜ್ಜನ ಜೊತೆ ಹನ್ನೊಂದು ವರ್ಷ ಒಂದೇ ಪತ್ರಿಕೆಯಲ್ಲಿ ದುಡಿದವನು ನಾನು.

ಮೊದಲು ನಿನ್ನ ಗೋಳು ಮುಗಿಸಿಬಿಡೋಣ. ಇಬ್ಬರು ಪ್ರಕಾಶಕರು ವಾಪಸ್ ಕಳಿಸಿದರು, "ಡೆಟ್ರಾಯಿಟ್ ಗಲಾಟೆ ಕಟ್ಟಿಕೊಂಡು ಕನ್ನಡದವರಿಗೆ ಏನಾಗಬೇಕು" ಅಂದರು, ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಅಂತ ಬರೆದಿದ್ದೀಯ. ಅನ್ನಿಸಲಿ. ನನಗೆ ಎಂಬತ್ತೊಂದು. ತಿಂಗಳಿಗೆ ಎರಡು ಸಲ ನನಗೂ ಹಾಗೇ ಅನ್ನಿಸುತ್ತದೆ, ಆಮೇಲೆ ಕಾಫಿ ಕುಡಿಯುತ್ತೇನೆ. ಅಧ್ಯಾಯ ಎಷ್ಟು ಉದ್ದ ಇರಬೇಕು, ಮಾತುಕತೆಯಲ್ಲಿ ಇಂಗ್ಲಿಷ್ ಎಷ್ಟು ಬರಬಹುದು, ಇವನ್ನೆಲ್ಲ ನನ್ನನ್ನು ಕೇಳಬೇಡ. ಅದಕ್ಕೆ ಈಗ ಊರಿಗೊಂದು ಶಿಬಿರ ಇದೆ.

ನನ್ನ ತಕರಾರು ಒಂದೇ. ಅದು ಮೊದಲ ಪುಟದ ಮೊದಲ ಸಾಲಿನಲ್ಲೇ ಕೂತಿದೆ.

"1967ರ ಜುಲೈ 23ರ ನಸುಕಿನಲ್ಲಿ ಡೆಟ್ರಾಯಿಟ್‌ನಲ್ಲಿ ಗಲಭೆ ಭುಗಿಲೆದ್ದಿತು."

ಏನದು, ಹುಲ್ಲಿನ ಬಣವೆಯಾ, ತಾನಾಗಿ ಭುಗಿಲೇಳೋಕೆ? ಆ ರಾತ್ರಿ ಏನಾಯಿತು ಅಂತ ನಿನಗೆ ಚೆನ್ನಾಗಿ ಗೊತ್ತು. ಹದಿನಾಲ್ಕನೇ ಪುಟದಲ್ಲಿ ನೀನೇ ಬರೆದಿದ್ದೀಯ. ಹನ್ನೆರಡನೇ ರಸ್ತೆಯಲ್ಲಿ ಲೈಸೆನ್ಸ್ ಇಲ್ಲದ ಒಂದು ಕುಡಿಯುವ ಜಾಗ. ವಿಯೆಟ್ನಾಂ ಯುದ್ಧದಿಂದ ಮರಳಿದ ಇಬ್ಬರಿಗಾಗಿ ಅಲ್ಲಿ ಪಾರ್ಟಿ. ಪೊಲೀಸರು ದಾಳಿ ಮಾಡಿದರು. ಹತ್ತಿಪ್ಪತ್ತು ಜನ ಸಿಗಬಹುದು ಅಂದುಕೊಂಡಿದ್ದವರಿಗೆ ಎಂಬತ್ತಕ್ಕೂ ಹೆಚ್ಚು ಜನ ಸಿಕ್ಕರು. ಅಷ್ಟನ್ನೂ ವ್ಯಾನಿಗೆ ತುಂಬಿ ಸಾಗಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಬೇಸಗೆಯ ಸೆಕೆ, ಭಾನುವಾರದ ನಸುಕು, ಬೀದಿಯಲ್ಲಿ ಜನ ಸೇರಿದರು. ಐದು ಗಂಟೆ ದಾಟಿದ ಮೇಲೆ ಯಾರೋ ಒಬ್ಬ ಖಾಲಿ ಬಾಟಲಿ ಎಸೆದ. ಪೊಲೀಸ್ ಕಾರಿನ ಹಿಂದಿನ ಗಾಜು ಪುಡಿಯಾಯಿತು. ಇಷ್ಟು ಗೊತ್ತಿದ್ದೂ ಮೊದಲ ಸಾಲಿನಲ್ಲಿ 'ಭುಗಿಲೆದ್ದಿತು' ಅಂತ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ತಪ್ಪು ನಿನ್ನೊಬ್ಬಳದಲ್ಲ, ಬಿಡು. ನಮ್ಮ ಭಾಷೆಯಲ್ಲಿ ಈ ಸೌಕರ್ಯ ಜಾಸ್ತಿ. ಮಗು ಲೋಟ ಬೀಳಿಸಿದರೆ "ಲೋಟ ಬಿತ್ತು" ಅನ್ನುತ್ತದೆ. "ಒಡೆದವರು ಯಾರು" ಅಂದರೆ "ಅದೇ ಒಡೀತು" ಅನ್ನುತ್ತದೆ. ಸರ್ಕಾರಗಳೂ ಹೀಗೇ ಮಾತಾಡುತ್ತವೆ. ಎಲ್ಲ ಭಾಷೆಗಳಲ್ಲೂ.

212ನೇ ಪುಟಕ್ಕೆ ಬಾ. "ಗುಂಡು ತಗುಲಿ ನಾಲ್ಕು ವರ್ಷದ ಬಾಲಕಿ ಅಸುನೀಗಿದಳು." ಅಸುನೀಗಿದಳಂತೆ! ಆ ಮಗುವನ್ನು ಕೊಂದವರು ಯಾರು ಅನ್ನುವುದು ಸರ್ಕಾರಿ ವರದಿಯಲ್ಲೇ ಇದೆ. ಮನೆಯೊಳಗೆ ಯಾರೋ ಸಿಗರೇಟಿಗೆ ಕಿಡಿ ಹಚ್ಚಿದರು. ಹೊರಗಿದ್ದ, ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನವರು ಆ ಬೆಳಕು ಕಂಡು, ಅಡಗಿ ಕೂತ ಬಂದೂಕುಗಾರ ಅಂದುಕೊಂಡರು. ಟ್ಯಾಂಕಿನ ಮೇಲಿನ ಮೆಷಿನ್ ಗನ್ನಿನಿಂದ ಮನೆಗೆ ಗುಂಡಿನ ಮಳೆಗರೆದರು. ಮೆಷಿನ್ ಗನ್, ಮಗೂ, ಒಂದು ಬೆಂಕಿಕಡ್ಡಿಗೆ. ಡೆಟ್ರಾಯಿಟ್‌ನಲ್ಲಿ ಸತ್ತ 43 ಜನರಲ್ಲಿ 33 ಜನ ಕಪ್ಪುಜನ. ಪೊಲೀಸರ ಮತ್ತು ಗಾರ್ಡ್‌ನವರ ಗುಂಡಿಗೆ ಸತ್ತವರೇ ಜಾಸ್ತಿ.

ಇದನ್ನು ಇಷ್ಟು ಜೋರಾಗಿ ಹೇಳುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ನಿನ್ನ ಅಜ್ಜ ನಿನಗೆ ಹೇಳಿರಲಿಕ್ಕಿಲ್ಲ, ಆತ ಅಂಥವನಲ್ಲ. ನಾನೇ ಹೇಳುತ್ತೇನೆ.

ನಾನು ರಾತ್ರಿ ಪಾಳಿಯ ಉಪಸಂಪಾದಕ, ಆತ ಜಿಲ್ಲೆಯ ವರದಿಗಾರ. ಒಂದು ಊರಲ್ಲಿ ಮೆರವಣಿಗೆಯ ಮೇಲೆ ಗೋಲಿಬಾರ್ ಆಯಿತು. (ನೋಡಿದೆಯಾ, 'ಆಯಿತು' ಅಂದುಬಿಟ್ಟೆ.) ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಹುಡುಗ ಸತ್ತ. ಅಜ್ಜ ಟ್ರಂಕ್ ಕಾಲ್ ಹಾಕಿ ಸುದ್ದಿ ಹೇಳಿದ. ಆತ ಹೇಳಿದ್ದು: "ಪೊಲೀಸರು ಗುಂಡು ಹಾರಿಸಿ ಹದಿನೈದು ವರ್ಷದ ಹುಡುಗನನ್ನು ಕೊಂದರು." ನಾನು ಬರೆದುಕೊಂಡೆ. ಆಮೇಲೆ ಕೆಂಪು ಪೆನ್ನು ತೆಗೆದೆ. "ಗುಂಡು ತಗುಲಿ ಬಾಲಕನೊಬ್ಬ ಮೃತಪಟ್ಟಿದ್ದಾನೆ. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿದೆ." ಯಾರೂ ನನಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ. ಮೇಲಿನವರಿಂದ ಒಂದು ಫೋನೂ ಬಂದಿರಲಿಲ್ಲ. ಕೈಗೆ ಅಭ್ಯಾಸ ಆಗಿತ್ತು, ಅಷ್ಟೆ.

ಮರುವಾರ ಅಜ್ಜ ಆಫೀಸಿಗೆ ಬಂದ. ಪೇಪರನ್ನು ನನ್ನ ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದ. "ಗುಂಡಿಗೆ ಕಾಲು ಬಂದಿತ್ತಾ?" ಆಮೇಲೆ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನನಗೆ ಬಂದ ಸನ್ಮಾನದ ಶಾಲುಗಳನ್ನು ಯಾರ‍್ಯಾರಿಗೋ ಕೊಟ್ಟಿದ್ದೇನೆ. ಆ ಪ್ರಶ್ನೆಯನ್ನು ದಾಟಿಸಲು ಯಾರೂ ಸಿಕ್ಕಿರಲಿಲ್ಲ. ಈಗ ನೀನು ಸಿಕ್ಕಿದೆ.

ಸರಿ, ಡೆಟ್ರಾಯಿಟ್‌ಗೆ ಬರೋಣ. ನಿನ್ನ ಪುಸ್ತಕದಲ್ಲಿ ಒಂದು ಒಳ್ಳೆಯ ಭಾಗ ಇದೆ, ಅದನ್ನು ನೀನು ಅರ್ಧ ಪುಟದಲ್ಲಿ ಓಡಿಸಿಬಿಟ್ಟಿದ್ದೀಯ. ಊರು ಉರಿಯುವಾಗ ಮಿಷಿಗನ್ ರಾಜ್ಯಪಾಲ ಜಾರ್ಜ್ ರಾಮ್ನಿ ಮತ್ತು ಅಧ್ಯಕ್ಷ ಜಾನ್ಸನ್ ಒಂದು ಪದಕ್ಕಾಗಿ ಜಗ್ಗಾಡಿದರಲ್ಲ, ಅದು. ಕೇಂದ್ರದ ಸೈನ್ಯ ಬೇಕಾದರೆ 'ದಂಗೆ' ಎದ್ದಿದೆ ಅಂತ ರಾಜ್ಯಪಾಲ ಬರೆದುಕೊಡಬೇಕು. ಬರೆದುಕೊಟ್ಟರೆ ಇನ್ಶೂರೆನ್ಸ್ ಕಂಪನಿಗಳು ಸುಟ್ಟ ಅಂಗಡಿಗಳಿಗೆ ದುಡ್ಡು ಕೊಡದೆ ಕೈತೊಳೆದುಕೊಂಡರೆ? ರಾಮ್ನಿ ಹಿಂಜರಿದರು. ಮರುವರ್ಷದ ಚುನಾವಣೆಗೆ ರಿಪಬ್ಲಿಕನ್ ಪಕ್ಷದಿಂದ ಅವರ ಹೆಸರು ಕೇಳಿಬರುತ್ತಿತ್ತು. ಜಾನ್ಸನ್‌ಗೂ ಅದು ಗೊತ್ತಿತ್ತು. ಸೋಮವಾರ ಮಧ್ಯಾಹ್ನವೇ ಬಂದಿಳಿದ ಪ್ಯಾರಾಟ್ರೂಪರ್‌ಗಳು ಊರಿನ ಹೊರಗೆ ಕಾದು ಕೂತರು. ನಡುರಾತ್ರಿ ಜಾನ್ಸನ್ ಟಿವಿಗೆ ಬಂದರು. ರಾಮ್ನಿ ಕೈಯಲ್ಲಿ ಪರಿಸ್ಥಿತಿ ಹತೋಟಿಗೆ ತರಲು ಆಗಲಿಲ್ಲ, ಅದಕ್ಕೇ ಸೈನ್ಯ ಕಳಿಸುತ್ತಿದ್ದೇನೆ ಅಂತ ಹೆಸರು ಹಿಡಿದು ಹೇಳಿದರು. ಇಲ್ಲಿ ಮಾತ್ರ ಕರ್ತೃಪದ ಎಷ್ಟು ಸ್ಪಷ್ಟ ನೋಡು! ಎದುರಾಳಿಯ ತಪ್ಪು ಹೇಳುವಾಗ ಯಾವ ಸರ್ಕಾರವೂ ವ್ಯಾಕರಣ ಮರೆಯುವುದಿಲ್ಲ.

ಇನ್ನೊಂದು ಅಂಕಿ ನಿನ್ನ ಹಸ್ತಪ್ರತಿಯಲ್ಲಿ ಎಲ್ಲೂ ಇಲ್ಲ. ಆ ಸೈನ್ಯದ ಜನರಲ್ ಥ್ರಾಕ್‌ಮಾರ್ಟನ್ ಬಂದ ಕೂಡಲೇ ಬಂದೂಕಿನಿಂದ ಗುಂಡು ತೆಗೆದಿಡಿ ಅಂತ ಆದೇಶ ಕೊಟ್ಟರು. ಊರಿನ ಪೂರ್ವಭಾಗದಲ್ಲಿ 2,700 ಸೈನಿಕರು ಇಡೀ ಅವಧಿಯಲ್ಲಿ ಹಾರಿಸಿದ್ದು 201 ಗುಂಡು. ಗಾರ್ಡ್‌ನವರಿಗೂ ಅದೇ ಆದೇಶ ಇತ್ತು, ಅವರಲ್ಲಿ ಅನೇಕರಿಗೆ ಅದು ತಲುಪಲಿಲ್ಲ, ಇಲ್ಲವೇ ಅವರು ಪಾಲಿಸಲಿಲ್ಲ. ಆ ಮಗು ಸತ್ತದ್ದು ಗಾರ್ಡ್‌ನವರ ಭಾಗದಲ್ಲಿ. ಅಂದರೆ ಬೇರೆ ಥರ ಮಾಡಲು ಸಾಧ್ಯವಿತ್ತು, ಕೆಲವರು ಮಾಡಿದರು ಕೂಡ. 'ಅಸುನೀಗಿದಳು' ಅಂತ ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ.

ಆಯೋಗದ ಅಧ್ಯಾಯವನ್ನು ಚೆನ್ನಾಗಿ ಬರೆದಿದ್ದೀಯ. ಜುಲೈ 27ಕ್ಕೆ, ಡೆಟ್ರಾಯಿಟ್‌ನ ಹೊಗೆ ಇನ್ನೂ ಆರಿರದಾಗಲೇ ಜಾನ್ಸನ್ ಈ ಗಲಭೆಗಳು ಯಾಕಾದವು ಅಂತ ವಿಚಾರಿಸಲು ಆಯೋಗ ನೇಮಿಸಿದರು. ಹನ್ನೊಂದು ಜನ, ಅದರಲ್ಲಿ ಕಪ್ಪುಜನ ಇಬ್ಬರು. ಇಲಿನಾಯ್ ರಾಜ್ಯಪಾಲ ಆಟೊ ಕರ್ನರ್ ಅಧ್ಯಕ್ಷ. ಆಯೋಗ ಅಂದರೆ ಏನು ಅಂತ ನಮ್ಮ ಓದುಗರಿಗೆ ನೀನು ವಿವರಿಸಬೇಕಾಗಿಲ್ಲ, ಆ ಎರಡು ಪುಟ ಹೊಡೆದುಹಾಕು. ಆದರೆ ಈ ಆಯೋಗ ಯಾರೂ ಎಣಿಸದ ಕೆಲಸ ಮಾಡಿತು. 1968ರ ಫೆಬ್ರವರಿ ಕೊನೆಗೆ ಬಂದ ಅದರ ವರದಿಯಲ್ಲಿ ಕಪ್ಪುಜನರ ಕೇರಿಗಳ ಬಗ್ಗೆ ಒಂದು ವಾಕ್ಯ ಇದೆ. ಬಿಳಿಯರ ಸಂಸ್ಥೆಗಳು ಅವನ್ನು ಹುಟ್ಟಿಸಿದವು, ಬಿಳಿಯರ ಸಂಸ್ಥೆಗಳು ಅವನ್ನು ಉಳಿಸಿಕೊಂಡು ಬಂದಿವೆ, ಬಿಳಿಯರ ಸಮಾಜ ಅದನ್ನು ಒಪ್ಪಿಕೊಂಡು ಕೂತಿದೆ. ಮೂರು ಕರ್ತೃಪದ, ಮೂರು ಕ್ರಿಯಾಪದ. ಒಂದೂ 'ಭುಗಿಲೆದ್ದಿತು' ಇಲ್ಲ. ಸರ್ಕಾರಿ ಕಾಗದದಲ್ಲಿ ಇಂಥ ಸಾಲು ನಾನು ಇನ್ನೊಂದು ಕಂಡಿಲ್ಲ.

ಸಾಲಿಗೆ ಬೆಲೆಯೂ ತೆರಬೇಕಾಯಿತು. ಜಾನ್ಸನ್‌ಗೆ ಸಿಟ್ಟು ಬಂತು. ತಾನು ನಾಗರಿಕ ಹಕ್ಕುಗಳಿಗೆ ಇಷ್ಟೆಲ್ಲ ಕಾನೂನು ಮಾಡಿದರೂ ಹೀಗಾ ಅಂತ. ಸದಸ್ಯರಿಗೆ ಕಳಿಸಬೇಕಿದ್ದ ಧನ್ಯವಾದದ ಕಾಗದಗಳಿಗೆ ಸಹಿಯನ್ನೇ ಹಾಕಲಿಲ್ಲ. ವರದಿ ಕೇಳಿದ್ದು ಮೂರು ವರ್ಷದಲ್ಲಿ 20 ಲಕ್ಷ ಕೆಲಸ, ಐದು ವರ್ಷದಲ್ಲಿ 60 ಲಕ್ಷ ಮನೆ. ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದರು, ನೂರಕ್ಕೂ ಹೆಚ್ಚು ಊರು ಹೊತ್ತಿ ಉರಿದವು. ಜೂನ್‌ನಲ್ಲಿ ಬಂದ ಕಾನೂನಿನಲ್ಲಿ ಪೊಲೀಸರನ್ನು ಬಲಪಡಿಸಲು ದುಡ್ಡು ಇತ್ತು.

ನಿನ್ನ ನಾಯಕನನ್ನು ಹೊರಗಿನಿಂದ ಬಂದ ಪುಂಡ ಅಂತ ಮಾಡಿದ್ದೀಯಲ್ಲ, ಅದನ್ನೂ ಒಮ್ಮೆ ನೋಡಿಕೋ. ಆಯೋಗ ವಿಚಾರಿಸಿದಾಗ ಬೀದಿಗಿಳಿದವರಲ್ಲಿ ಹೆಚ್ಚಿನವರು ಅದೇ ಊರಲ್ಲಿ ಬೆಳೆದವರು, ಸುಮ್ನೆ ಮನೆಯಲ್ಲಿದ್ದ ನೆರೆಯವರಿಗಿಂತ ಒಂದು ಕೈ ಜಾಸ್ತಿ ಓದಿದವರು.

ಕೆನೆತ್ ಕ್ಲಾರ್ಕ್ ಅವರನ್ನು ನೀನು ಬಿಟ್ಟದ್ದು ನನಗೆ ಬೇಜಾರಾಯಿತು. ಮನಃಶಾಸ್ತ್ರಜ್ಞ, ಕಪ್ಪುಜನರ ಪೈಕಿಯ ದೊಡ್ಡ ಪಂಡಿತ. ಆಯೋಗದ ಮುಂದೆ ಸಾಕ್ಷಿ ಹೇಳಲು ಬಂದಾಗ ಅವರು ಏನಂದರು ಗೊತ್ತಾ? 1919ರ ಶಿಕಾಗೋ ಗಲಭೆಯ ವರದಿ ಓದಿದರೆ 1935ರ ನ್ಯೂಯಾರ್ಕಿನ ಹಾರ್ಲೆಮ್ ಗಲಭೆಯ ವರದಿ ಓದಿದ ಹಾಗೇ ಇದೆ, 1943ರದ್ದೂ ಹಾಗೇ, ಎರಡು ವರ್ಷದ ಹಿಂದೆ ಲಾಸ್ ಏಂಜಲೀಸಿನ ವಾಟ್ಸ್ ಕೇರಿ ಉರಿದಾಗಿನ ವರದಿಯೂ ಹಾಗೇ. ಅದೇ ಸಿನಿಮಾವನ್ನು ಮತ್ತೆ ಮತ್ತೆ ತೋರಿಸಿದಂತೆ. ಅದೇ ವಿಶ್ಲೇಷಣೆ, ಅದೇ ಶಿಫಾರಸು, ಅದೇ ನಿಷ್ಕ್ರಿಯತೆ. ಆಯೋಗ ಆ ಮಾತನ್ನು ತನ್ನ ವರದಿಯ ಕೊನೆಯಲ್ಲೇ ಹಾಕಿಕೊಂಡಿತು. ಅದೇ ಆಯೋಗ, ತನ್ನ ಸಂಶೋಧಕರು 1967ರ ನವೆಂಬರ್‌ನಲ್ಲಿ ಕೊಟ್ಟ ಕರಡನ್ನು ಖಾರ ಜಾಸ್ತಿ ಅಂತ ಮೂಲೆಗೆ ತಳ್ಳಿತ್ತು. ಜನ ಸುಮ್ನೆ ಲೂಟಿಗೆ ಇಳಿದಿದ್ದಲ್ಲ, ಅದಕ್ಕೆ ರಾಜಕೀಯ ಅರ್ಥ ಇತ್ತು ಅನ್ನುತ್ತಿತ್ತು ಆ ಕರಡು. ಅದು ಅಚ್ಚಾದದ್ದು 2018ರಲ್ಲಿ. ನಿನ್ನದು ಎರಡು ಸಲ ವಾಪಸ್ ಬಂದಿದೆ ಅಷ್ಟೆ.

ಕೊನೆಯದು. ನಿನ್ನ ಪುಸ್ತಕದ ಮೂರನೇ ಭಾಗದಲ್ಲಿ ಕನ್ನಡದ ಮನೆಯವರು ಬರುತ್ತಾರೆ. ಡೆಟ್ರಾಯಿಟ್ ಊರಿನ ಗಡಿಯಾದ ಎಂಟು ಮೈಲಿ ರಸ್ತೆಯ ಈಚೆ ಮನೆ, ಆಚೆ ಹೋಗಬೇಡ ಅಂತ ಮಗಳಿಗೆ ಹೇಳುವ ಅಪ್ಪ. ಆತ ಊಟದ ಮೇಜಿನಲ್ಲಿ "ಡೆಟ್ರಾಯಿಟ್ ಹಾಳಾಗಿ ಹೋಯ್ತು" ಅನ್ನುತ್ತಾನೆ. ಆತನ ಬಾಯಲ್ಲಿ ಅದು ಹಾಗೇ ಇರಲಿ, ತಿದ್ದಬೇಡ, ಜನ ಹಾಗೇ ಮಾತಾಡೋದು. ಆದರೆ ಎರಡು ಪುಟ ಆದಮೇಲೆ ಕಥೆ ಹೇಳುವವಳೂ ಅದನ್ನೇ ಅನ್ನುತ್ತಾಳೆ. ಅದು ನೀನು. ಆ ಅಪ್ಪ ಅಲ್ಲಿಗೆ ಹೋಗಿದ್ದಾದರೂ ಹೇಗೆ? ಮೊದಲು ಭಾರತದಿಂದ ವಲಸೆಗೆ ವರ್ಷಕ್ಕೆ 100 ಜನರ ಕೋಟಾ ಇತ್ತು. ಅದನ್ನು ತೆಗೆದ ಕಾನೂನಿಗೆ ಇದೇ ಜಾನ್ಸನ್ 1965ರ ಅಕ್ಟೋಬರ್ 3ರಂದು ಸಹಿ ಹಾಕಿದರು, ವಾಟ್ಸ್ ಉರಿದು ಎರಡು ತಿಂಗಳಿಗೆ. ಜನಾಂಗ ನೋಡಿ ಬಾಗಿಲು ಮುಚ್ಚುವುದು ನಾಚಿಕೆಗೇಡು ಅಂತ ಆ ದೇಶಕ್ಕೆ ಅನ್ನಿಸುವಂತೆ ಮಾಡಿದವರು ಯಾರು? ನಿನ್ನ ಕಾದಂಬರಿಯ ಅಪ್ಪನಿಗೆ ಅದು ಗೊತ್ತಿಲ್ಲದಿರಬಹುದು. ನಿನಗೆ ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಕಟ್ಟನ್ನು ಬೇರೆಯಾಗಿ ಕಳಿಸುತ್ತಿದ್ದೇನೆ. ಕೆಂಪು ಶಾಯಿ 212ನೇ ಪುಟಕ್ಕೆ ಮುಗಿಯಿತು, ಆಮೇಲಿನದು ಪೆನ್ಸಿಲ್, ಕಣ್ಣಿಗೆ ಹತ್ತಿರ ಹಿಡಿದು ನೋಡು. ತಿದ್ದಿದ ಮೇಲೆ ಪೂರ್ತಿ ಕಳಿಸಬೇಡ, ಹೊಸ ಮೊದಲ ಪುಟ ಮಾತ್ರ ಸಾಕು. ಆ ಹುಡುಗನಿಗೆ ಮಹಡಿ ಹತ್ತಿಸುವುದು ಕಷ್ಟ.

ನಿನ್ನ ಅಜ್ಜಿ ಮೊನ್ನೆ ಸಿಕ್ಕಿದ್ದರು. "ಅಮೆರಿಕದಿಂದ ಫೋನ್ ಬಂದು ತಿಂಗಳಾಯ್ತು" ಅಂದರು. ಫೋನ್ ಬಂದಿಲ್ಲ ಅನ್ನಬೇಡಿ, ನಿಮ್ಮ ಮೊಮ್ಮಗಳು ಮಾಡಿಲ್ಲ ಅನ್ನಿ ಅಂತ ತಿದ್ದಿದೆ.

ನಿನ್ನ,
ಅಜ್ಜನ ಗೆಳೆಯ